ಸೀಲಿಗೆ ಕೈ ಹಾಕುವ ಮುನ್ನ

ಹಳೇ ಅಂಬಾಸಡರ್ ಕೊಂಡೆಯಂತೆ. ಒಳ್ಳೇದಾಯ್ತು ಮರಿ. ಉತ್ತರಪಾರಾದ ಕಾರ್ಖಾನೆ ಅದನ್ನು ಮಾಡುವುದನ್ನೇ 2014ರಲ್ಲಿ ನಿಲ್ಲಿಸಿತು. ನಿನ್ನ ಓರಗೆಯವರು ಅದನ್ನು ಸಿನಿಮಾದಲ್ಲಿ ನೋಡಿ ಖುಷಿಪಡುತ್ತಾರೆ, ನೀನು ಮನೆಗೇ ತಂದುಬಿಟ್ಟೆ. ಈಗ ಹಿಂದಿನ ಆಕ್ಸಲ್ ಹೌಸಿಂಗ್‌ನಿಂದ ಎಣ್ಣೆ ಸೋರುತ್ತಿದೆ ಅಂತ ಜೆ.ಸಿ. ರಸ್ತೆಗೆ ಓಡಿ ಸೀಲುಗಳನ್ನೂ ತಂದಿಟ್ಟುಕೊಂಡಿದ್ದೀಯ. ಗಾಡಿ ಕೆಳಗೆ ಇನ್ನೂ ಬಗ್ಗಿ ನೋಡಿಲ್ಲ, ಸಾಮಾನು ಮಾತ್ರ ರೆಡಿ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಎಣ್ಣೆ ಕಂಡ ಕೂಡಲೇ ಎಲ್ಲರೂ ಬಡಪಾಯಿ ಸೀಲನ್ನೇ ಹಿಡಿಯುತ್ತಾರೆ. ನೀನು ಹಾಗೆ ಮಾಡಬೇಡ.

ಮೊದಲು ಜೀವ. ಬರೀ ಜಾಕಿಯನ್ನು ನಂಬಿ ಗಾಡಿ ಕೆಳಗೆ ನುಗ್ಗಬೇಡ. ಗಟ್ಟಿ ಸ್ಟ್ಯಾಂಡ್ ಕೊಡು. ಹ್ಯಾಂಡ್‌ಬ್ರೇಕ್ ಎಳೆದಿದ್ದೀನಲ್ಲ ಅನ್ನಬೇಡ. ಅದು ಹಿಡಿಯುವುದು ಹಿಂದಿನ ಗಾಲಿಗಳನ್ನು, ಅವನ್ನೇ ನೀನು ಮೇಲೆತ್ತಿರುತ್ತೀಯ. ಮುಂದಿನ ಗಾಲಿಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು ಆಮೇಲೆ ಮಲಗು.

ಆಮೇಲೆ ತೊಳಿ. ಎಷ್ಟೋ ವರ್ಷದ ಜಿಡ್ಡು, ಧೂಳು ಎಲ್ಲ ಡೀಸೆಲ್ ಹಾಕಿ ಬ್ರಷ್‌ನಿಂದ ಉಜ್ಜಿ ತೆಗಿ. ಒಣಗಿದ ಮೇಲೆ ಮೈಪೌಡರ್ ಉದುರಿಸಿ ಒಂದು ಸುತ್ತು ಓಡಿಸಿಕೊಂಡು ಬಾ. ನೆಂದ ಗೆರೆ ಎಲ್ಲಿಂದ ಶುರುವಾಗಿದೆ ನೋಡು, ಎಲ್ಲಿ ತೊಟ್ಟಿಕ್ಕುತ್ತಿದೆ ಅಂತಲ್ಲ. ಮುಂಭಾಗದ ಪಿನಿಯನ್ ಸೀಲಿನಲ್ಲಿ ಸೋರಿದ ಎಣ್ಣೆಯನ್ನು ಗಾಳಿ ಹಿಂದಕ್ಕೆ ತಳ್ಳಿ, ಹೌಸಿಂಗ್‌ನ ಬೆನ್ನಿನಿಂದ ತೊಟ್ಟಿಕ್ಕಿಸುತ್ತೆ. ಮುಂದೆ ತಪ್ಪು ಮಾಡಿದವರು ಬೇರೆ, ಹಿಂದೆ ಬೈಸಿಕೊಳ್ಳುವವರು ಬೇರೆ.

ಗಾಲಿಯ ಒಳಮೈ ಒದ್ದೆಯಾಗಿದ್ದರೆ ಬೆರಳಿಗೆ ಹಚ್ಚಿಕೊಂಡು ಮೂಸಿ ನೋಡು. ಮಂದವಾಗಿ, ಗಂಧಕದ ಗಬ್ಬು ವಾಸನೆ ಬಂದರೆ ಗೇರ್ ಆಯಿಲ್. ತೆಳ್ಳಗಿದ್ದು, ಮೇಲೆ ಬ್ರೇಕ್ ಆಯಿಲ್ ಡಬ್ಬಿಯಲ್ಲೂ ಮಟ್ಟ ಇಳಿದಿದ್ದರೆ ಸೋರುತ್ತಿರುವುದು ವೀಲ್ ಸಿಲಿಂಡರ್. ಆಗ ನೀನು ತಂದ ಸೀಲು ಕಪಾಟಿನಲ್ಲೇ ಇರಲಿ, ಮೊದಲು ಬ್ರೇಕ್ ನೋಡು.

ಗೇರ್ ಆಯಿಲ್ಲೇ ಅಂತ ಗೊತ್ತಾದರೂ ಪಾನಾ ಹಿಡಿಯಬೇಡ, ಬ್ರೀದರ್ ಹುಡುಕು. ಹೌಸಿಂಗ್ ಮೇಲೆ ಪುಟ್ಟದೊಂದು ಉಸಿರುಗಂಡಿ ಇರುತ್ತೆ. ಗಾಡಿ ಓಡಿದ ಹಾಗೆ ಒಳಗಿನ ಗಾಳಿ ಕಾದು ಹಿಗ್ಗುತ್ತೆ. ಆ ಗಂಡಿಯಿಂದ ಹೊರಗೆ ಹೋಗಬೇಕು. ನಮ್ಮ ಊರಿನ ಧೂಳೂ ಜಿಡ್ಡೂ ಸೇರಿ ಅದು ಕಲ್ಲಿನಂತೆ ಕಟ್ಟಿಕೊಂಡಿರುತ್ತೆ. ಗಾಳಿಗೆ ದಾರಿ ಇಲ್ಲ, ಸೀಲಿನ ತುಟಿ ಸರಿಸಿಕೊಂಡು ಎಣ್ಣೆಯನ್ನೂ ಹೊರಗೆ ತಳ್ಳುತ್ತೆ. ಇದನ್ನು ಬಿಡಿಸದೆ ಎಷ್ಟು ಹೊಸ ಸೀಲು ಹಾಕಿದರೂ ಸೋರುತ್ತೆ. ಕಾಸಿನ ಖರ್ಚಿಲ್ಲದ ಕೆಲಸ, ಅದಕ್ಕೇ ಯಾರೂ ಮಾಡುವುದಿಲ್ಲ.

ಮಟ್ಟವನ್ನೂ ನೋಡು. ಗಾಡಿ ಸಮನೆಲದಲ್ಲಿ ನಿಂತಾಗ ಎಣ್ಣೆ ತುಂಬುವ ತೂತಿನ ಅಂಚಿಗೆ ಬಂದರೆ ಸಾಕು. ‘ಜಾಸ್ತಿ ಇದ್ದರೆ ಒಳ್ಳೇದಲ್ವಾ ತಾತ’ ಅಂತ ಒಂದು ಕಡೆ ಎತ್ತಿ ತುಂಬುವವರಿದ್ದಾರೆ. ಹೆಚ್ಚಾದದ್ದು ಹಬ್ ಕಡೆಗೆ ಹರಿಯುತ್ತೆ. ಸೋರಿಕೆ ನಿಲ್ಲಲಿ ಅಂತ ಸಿಕ್ಕಿದ ಮಂದ ಎಣ್ಣೆ ಸುರಿಯಬೇಡ, ಗ್ರೀಸಂತೂ ತುರುಕಲೇಬೇಡ. ಇದರ ಕ್ರೌನ್ ಪಿನಿಯನ್ ಹೈಪಾಯ್ಡ್ ಜಾತಿಯದು. ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ತಿರುಗುತ್ತವೆ. ಆ ಒತ್ತಡ ತಡೆಯುವ ಇ.ಪಿ. 90 ಹೈಪಾಯ್ಡ್ ಎಣ್ಣೆಯೇ ಬೇಕು.

ಇಷ್ಟಾದ ಮೇಲೂ ಸೋರಿದರೆ ಬಿಚ್ಚು. ಅದಕ್ಕೂ ಮೊದಲು ಗಾಲಿಯ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸು. ಪ್ರೊಪೆಲ್ಲರ್ ಶಾಫ್ಟ್ ಸೇರುವ ಫ್ಲಾಂಜನ್ನೂ ಅಲ್ಲಾಡಿಸು. ಲಟಲಟ ಅಂದರೆ ಬೇರಿಂಗ್ ಸವೆದಿದೆ. ಕುಣಿಯುವ ಶಾಫ್ಟನ್ನು ರಬ್ಬರಿನ ತುಟಿ ಎಷ್ಟು ದಿನ ತಬ್ಬಿಕೊಂಡೀತು? ಬಿಚ್ಚಿದ ಮೇಲೆ, ತುಟಿ ಉಜ್ಜುವ ಜಾಗದ ಮೇಲೆ ಉಗುರು ಆಡಿಸು. ಉಗುರಿಗೆ ಗೆರೆ ಸಿಕ್ಕಿದರೆ ಹೊಸ ಸೀಲೂ ಸೋರುತ್ತೆ. ಅಲ್ಲಿಗೆ ತೆಳು ಸ್ಲೀವ್ ಹಾಕಿಸು, ಇಲ್ಲವೇ ಆ ಭಾಗವನ್ನೇ ಬದಲಿಸು.

ಸೀಲು ಹಾಕುವಾಗ ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗಿರಲಿ. ತುಟಿಗೆ ಎಣ್ಣೆ ಸವರು. ಸ್ಕ್ರೂಡ್ರೈವರ್ ಇಟ್ಟು ಒಂದೊಂದೇ ಮೂಲೆ ಬಡಿಯಬೇಡ. ಮರದ ತುಂಡು ಅಡ್ಡ ಇಟ್ಟು ಸುತ್ತಲೂ ಸಮನಾಗಿ ತಟ್ಟು. ಇನ್ನೂ ಹಳೇ ಗಾಡಿಗಳಲ್ಲಿ ಚರ್ಮದ ಸೀಲು ಬರುತ್ತೆ, ಅದನ್ನು ಎಣ್ಣೆಯಲ್ಲಿ ನೆನೆಹಾಕಿಯೇ ಕೂರಿಸಬೇಕು. ಪಿನಿಯನ್ ನಟ್ಟಿನ ವಿಷಯದಲ್ಲಿ ತೋಳಿನ ಬಲ ತೋರಿಸಬೇಡ. ಬೇರಿಂಗ್ ಎಷ್ಟು ಬಿಗಿ ಇರಬೇಕು ಅನ್ನುವುದು ಅದರ ಕೈಲಿದೆ. ಮ್ಯಾನ್ಯುಯಲ್ ಓದಿ ಅಷ್ಟೇ ಬಿಗಿ ಮಾಡು. ಪ್ಯಾಕಿಂಗ್ ಕೂರುವ ಮುಖಗಳನ್ನು ಚೊಕ್ಕವಾಗಿ ಒರೆಸಿ ಪೇಪರ್ ಪ್ಯಾಕಿಂಗ್ ಇಡು. ಸಿಲಿಕಾನನ್ನು ಬೆಣ್ಣೆ ಮೆತ್ತಿದ ಹಾಗೆ ಮೆತ್ತಬೇಡ; ಒಳಗೆ ಉಕ್ಕಿದ್ದು ಕಿತ್ತುಬಂದು ಎಣ್ಣೆಯಲ್ಲಿ ತೇಲಾಡುತ್ತೆ.

ಬ್ರೇಕ್ ಲೈನರ್ ಎಣ್ಣೆ ಕುಡಿದಿದ್ದರೆ ಮಾತ್ರ ಜಿಪುಣತನ ಬೇಡ. ಪೆಟ್ರೋಲಿನಲ್ಲಿ ತೊಳೆದು ಬಿಸಿಲಿಗಿಟ್ಟರೆ ಮೇಲೆ ಒಣಗಿದ ಹಾಗೆ ಕಾಣುತ್ತೆ. ಚಾರ್ಮಾಡಿ ಘಾಟಿ ಇಳಿಯುವಾಗ ಡ್ರಮ್ ಕಾದು, ಒಳಗಿನ ಎಣ್ಣೆ ಮತ್ತೆ ಮೇಲೆ ಬಂದು, ಗಾಡಿ ಒಂದು ಕಡೆ ಎಳೆದಾಗ ನಿನ್ನ ಉಳಿತಾಯದ ಬೆಲೆ ತಿಳಿಯುತ್ತೆ. ಒಂದು ಕಡೆ ಹಾಳಾಗಿದ್ದರೂ ಎರಡೂ ಕಡೆಯ ಲೈನರ್ ಒಟ್ಟಿಗೇ ಹಾಕಿಸು.

ಕೊನೆಗೆ ಒಂದು ಮಾತು. ಗಾಡಿಗೆ ಕವರ್ ಹೊದಿಸಿ ತಿಂಗಳುಗಟ್ಟಲೆ ನಿಲ್ಲಿಸಿ, ರ್ಯಾಲಿ ದಿನ ಮಾತ್ರ ಮೆರವಣಿಗೆ ಮಾಡಬೇಡ. ಕೂತಲ್ಲೇ ಕೂತ ಸೀಲು ಒಣಗಿ ಗಡುಸಾಗುತ್ತೆ. ವಾರಕ್ಕೊಮ್ಮೆ ಓಡಿಸು, ಬಂದ ಮೇಲೆ ಬಗ್ಗಿ ನೋಡು. ಇಷ್ಟೆಲ್ಲ ಮಾಡಿದ ಮೇಲೂ ಹೌಸಿಂಗ್ ಮೇಲೆ ತೇವ ಕಂಡು ಫೋನ್ ಮಾಡುತ್ತೀಯ, ಗೊತ್ತು. ಬೆವರುವುದು ಬೇರೆ, ಸೋರುವುದು ಬೇರೆ. ನೆಲಕ್ಕೆ ಬೀಳದ ತೇವಕ್ಕೆ ಮತ್ತೆ ಎಲ್ಲ ಬಿಚ್ಚಿದರೆ ಇರುವುದನ್ನೂ ಕೆಡಿಸುತ್ತೀಯ. ಒರೆಸು, ಮಟ್ಟ ನೋಡು, ತಾರೀಖು ಬರೆದಿಡು, ಓಡಿಸು. ಬ್ರೇಕ್ ಒಣಗಿರಬೇಕು, ಕ್ರೌನ್ ಪಿನಿಯನ್ ನೆಂದಿರಬೇಕು. ಇವೆರಡು ಸರಿಯಿದ್ದರೆ ನಿನ್ನ ಗಾಡಿ ಸರಿಯಿದೆ.