ಬೋಟಿಗೆ ಹೊಸಬರಾದ ನಿಮಗೆ

ಮೊದಲು ಹೆಸರನ್ನೇ ಬಿಡಿಸಿಕೊಳ್ಳೋಣ. ಹಿಂದಿ, ಉರ್ದು ಮಾತಾಡುವ ಕಡೆ ಬೋಟಿ ಎಂದರೆ ಮಾಂಸದ ತುಂಡು. ಬೋಟಿ ಕಬಾಬಿನಲ್ಲಿರುವುದು ಅದೇ. ಆದರೆ ಮೈಸೂರು, ಮಂಡ್ಯ, ತುಮಕೂರು ಕಡೆಯ ಮಾಂಸದಂಗಡಿಯಲ್ಲಿ ನೀವು ಬೋಟಿ ಕೇಳಿದರೆ, ಕುರಿಯ ಅಥವಾ ಮೇಕೆಯ ಹೊಟ್ಟೆ ಮತ್ತು ಕರುಳು ಕೈಗೆ ಬರುತ್ತವೆ. ಅದರ ಪಕ್ಕದಲ್ಲೇ ಈಲಿ ಇರುತ್ತದೆ. ಈಲಿ ಎಂದರೆ ಯಕೃತ್ತು, ಅಂಗಡಿಯವರ ಮಾತಿನಲ್ಲಿ ಲಿವರ್. ಗುಂಡಿಗೆ, ಮಿದುಳು, ತಲೆ, ಕಾಲು ಕೂಡ ಇದೇ ಬಳಗದವು. ಇವನ್ನು ಕಂಡರೆ ಬಾಯಲ್ಲಿ ನೀರೂರಿಸುವವರೂ ಇದ್ದಾರೆ, ಮೂಗು ಮುಚ್ಚಿ ಎದ್ದು ಹೋಗುವವರೂ ಇದ್ದಾರೆ. ಒಂದೇ ಮನೆಯ ಪಂಕ್ತಿಯಲ್ಲೇ ಇಬ್ಬರನ್ನೂ ನೋಡಬಹುದು.

ಈ ಭೇದಕ್ಕೆ ಕಾರಣ ತಿಳಿಯಬೇಕಾದರೆ ಕುರಿಯ ಹೊಟ್ಟೆಯ ಒಳಗೆ ಒಮ್ಮೆ ಇಣುಕಬೇಕು. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಗೆ ನಾಲ್ಕು ಭಾಗಗಳು. ದೊಡ್ಡ ಭಾಗದ ಒಳಮೈ ಟರ್ಕಿ ಟವೆಲಿನಂತೆ ಜುಂಗುಜುಂಗಾಗಿರುತ್ತದೆ. ಅದಕ್ಕೆ ಅಂಟಿದ ಎರಡನೆಯದು ಜೇನುಹಟ್ಟಿಯಂತೆ. ಮೂರನೆಯದರಲ್ಲಿ ಪುಸ್ತಕದ ಹಾಳೆಗಳಂಥ ಪದರಗಳು. ನಾಲ್ಕನೆಯದೇ ನಮ್ಮ ಹೊಟ್ಟೆಯಂತೆ ಜೀರ್ಣರಸ ಸುರಿಸುವ ಭಾಗ. ದೊಡ್ಡ ಭಾಗದಲ್ಲಿ ಸೂಕ್ಷ್ಮಜೀವಿಗಳು ಹುಲ್ಲನ್ನು ಹುದುಗಿಸುತ್ತವೆ. ಹಿಟ್ಟು ಹುದುಗಿದಾಗ ಹೇಗೆ ಹುಳಿವಾಸನೆ ಏಳುತ್ತದೋ, ಹುಲ್ಲು ಹುದುಗಿದಾಗಲೂ ಹಾಗೆಯೇ ಘಾಟಾದ ಆಮ್ಲಗಳು ಹುಟ್ಟುತ್ತವೆ. ಹಸಿ ಬೋಟಿಯ ವಾಸನೆಗೆ ಮುಖ್ಯ ಕಾರಣ ಇದೇ. ಅದು ಕೊಳೆತ ವಾಸನೆ ಎಂದು ಹೊಸಬರು ಹೆದರುತ್ತಾರೆ. ತಾಜಾ ಬೋಟಿಯಲ್ಲೂ ಅದು ಇದ್ದೇ ಇರುತ್ತದೆ.

ಆದ್ದರಿಂದ ಬೋಟಿಯ ರುಚಿ ತೀರ್ಮಾನವಾಗುವುದು ಒಲೆಯ ಮೇಲಲ್ಲ, ನಲ್ಲಿಯ ಕೆಳಗೆ. ಇದು ನನ್ನ ಗಟ್ಟಿಯಾದ ನಂಬಿಕೆ. ಹೊಟ್ಟೆಯನ್ನು ಸೀಳಿ ತೊಳೆದು, ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ಮೇಲಿನ ಕಪ್ಪು ಪೊರೆಯನ್ನು ಚಾಕುವಿನಿಂದ ಹೆರೆದು ತೆಗೆಯಬೇಕು. ಹೆರೆಯಲು ಸುಲಭವಾಗಲೆಂದು ಕೆಲವರು ಸುಣ್ಣ ಹಚ್ಚುತ್ತಾರೆ. ಹಾಗೆ ಮಾಡಿದರೆ ಸುಣ್ಣದ ಲವಲೇಶವೂ ಉಳಿಯದಂತೆ ತೊಳೆಯಬೇಕು. ಕರುಳಿನ ಒಂದು ತುದಿಯನ್ನು ನಲ್ಲಿಗೆ ಹಿಡಿದು ನೀರು ಹಾಯಿಸಿ, ಮಗುಚಿ, ಕಲ್ಲುಪ್ಪು ಅರಿಶಿನ ಹಾಕಿ ಉಜ್ಜಬೇಕು. ನಮ್ಮ ಮನೆಯಲ್ಲಿ ಇದಕ್ಕೇ ಅರ್ಧ ಬೆಳಗು ಹೋಗುತ್ತಿತ್ತು. ಊಟಕ್ಕೆ ಕೂತವರು ಗೊಜ್ಜನ್ನು ಹೊಗಳುತ್ತಿದ್ದರು. ಬೆಳಿಗ್ಗೆಯಿಂದ ಬಗ್ಗಿ ಕೂತು ತೊಳೆದ ಹೆಂಗಸರ ಬೆನ್ನುನೋವನ್ನು ಯಾರೂ ನೆನೆಯುತ್ತಿರಲಿಲ್ಲ. ನೀವು ಬೋಟಿ ಕಲಿಯುವುದಾದರೆ ದಯವಿಟ್ಟು ತೊಳೆಯುವುದರಿಂದಲೇ ಕಲಿಯಿರಿ.

ಮುಂದಿನದು ಬೇಯಿಸುವ ಹಂತ. ಬೋಟಿಯಲ್ಲಿ ಕೊಲಾಜನ್ ಎಂಬ ಗಟ್ಟಿ ನಾರಿನಂಥ ಪ್ರೋಟೀನ್ ಹೆಚ್ಚು. ನೀರಿನಲ್ಲಿ ನಿಧಾನವಾಗಿ ಬೆಂದಾಗ ಅದು ಕರಗಿ ಜೆಲಾಟಿನ್ ಎಂಬ ಅಂಟಾಗುತ್ತದೆ. ಕಾಲು ಸೂಪು ಕುಡಿದಾಗ ತುಟಿಗೆ ತುಟಿ ಅಂಟುತ್ತದಲ್ಲ, ಅದೇ ಇದು. ಅವಸರ ಮಾಡಿದರೆ ಬೋಟಿ ರಬ್ಬರಿನಂತೆ ಉಳಿಯುತ್ತದೆ. ಕಡಲೆಬೇಳೆಯನ್ನೋ ಅವರೆಕಾಳನ್ನೋ ಜತೆಗೂಡಿಸಿ, ಶುಂಠಿ ಬೆಳ್ಳುಳ್ಳಿ, ಚಕ್ಕೆ ಲವಂಗ, ತೆಂಗಿನಕಾಯಿ ಅರೆದು ಹಾಕಿದ ಬೋಟಿ ಗೊಜ್ಜು ರಾಗಿಮುದ್ದೆಗೆ ಹೇಳಿ ಮಾಡಿಸಿದ ಜೋಡಿ. ಈಲಿಯ ಲೆಕ್ಕವೇ ಬೇರೆ. ತೆಳುವಾಗಿ ಹೆಚ್ಚಿದ ಈಲಿ ಕೆಲವೇ ನಿಮಿಷಗಳಲ್ಲಿ ಬೇಯುತ್ತದೆ. ಹೆಚ್ಚು ಬೆಂದರೆ ಗಡುಸಾಗಿ ಪುಡಿಪುಡಿಯಾಗುತ್ತದೆ. ಕಬ್ಬಿಣ, ಬಿ12, ಎ ಜೀವಸತ್ವಗಳು ಅದರಲ್ಲಿ ಧಾರಾಳವಾಗಿವೆ. ಎ ಜೀವಸತ್ವ ಅತಿಯಾಗಿರುವುದರಿಂದಲೇ ಗರ್ಭಿಣಿಯರು ಈಲಿ ತಿನ್ನುವ ಮುನ್ನ ವೈದ್ಯರನ್ನು ಕೇಳಬೇಕು.

ಯುಗಾದಿಯ ಮರುದಿನ ಹಳೇ ಮೈಸೂರು ಸೀಮೆಯಲ್ಲಿ ಹೊಸತೊಡಕು, ಅಂದರೆ ಬಾಡೂಟದ ಹಬ್ಬ. ಹಳ್ಳಿಗಳಲ್ಲಿ ಹಲವರು ಕೂಡಿ ಮರಿ ಕೊಂಡು, ಕುಯ್ದು, ಪಾಲುದಾರರ ಸಂಖ್ಯೆಗೆ ಸರಿಯಾಗಿ ಗುಡ್ಡೆ ಹಾಕುತ್ತಾರೆ. ಇದೇ ಗುಡ್ಡೆಮಾಂಸ. ತೊಡೆ, ಪಕ್ಕೆಲುಬಿನ ಜತೆಗೆ ಈಲಿ, ಗುಂಡಿಗೆಯ ಚೂರೂ ಪ್ರತಿ ಗುಡ್ಡೆಗೆ ಬೀಳಬೇಕು. ಒಂದು ಚೂರು ತಪ್ಪಿದರೂ ಜಗಳ.

ಹೀಗಿದ್ದೂ ಬೋಟಿಯನ್ನು ಕೀಳಾಗಿ ಕಾಣುವವರಿದ್ದಾರೆ. ತೊಡೆಮಾಂಸ ಕೊಳ್ಳಲಾಗದ ಬಡವರ, ದಲಿತರ ಮನೆಗಳಲ್ಲಿ ಇದು ಹೆಚ್ಚಾಗಿ ಬೇಯುತ್ತಿತ್ತೆಂಬ ಕಾರಣಕ್ಕೆ ಹುಟ್ಟಿದ ತಾತ್ಸಾರ ಅದು. ಅದನ್ನು ರುಚಿಯ ಮಾತೆಂದು ನಾನು ಒಪ್ಪುವುದಿಲ್ಲ. ಮೆತ್ತಗಿನ, ಜಾರುವ ತುಂಡು ಬಾಯಿಗೆ ಹಿಡಿಸದು ಎಂದು ನೀವು ಹೇಳಿದರೆ ಅದನ್ನು ಪೂರ್ತಿ ಒಪ್ಪುತ್ತೇನೆ.

ಇನ್ನೂ ಹಿಂಜರಿಕೆ ಇದ್ದರೆ ಈ ಸಂಗತಿ ಕೇಳಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಮನೋವಿಜ್ಞಾನಿ ಕರ್ಟ್ ಲೆವಿನ್ ಅಮೆರಿಕದ ಅಯೋವಾದಲ್ಲಿ ಗೃಹಿಣಿಯರಿಗೆ ಗುಂಡಿಗೆ, ಮೂತ್ರಪಿಂಡಗಳ ಅಡುಗೆ ರೂಢಿಸುವ ಬಗೆಯನ್ನು ಪರೀಕ್ಷಿಸಿದರು. ಬರೀ ಉಪನ್ಯಾಸ ಕೇಳಿದವರಲ್ಲಿ ಶೇ. 3 ಮಂದಿ ಮನೆಯಲ್ಲಿ ಹೊಸದಾಗಿ ಬೇಯಿಸಿ ಬಡಿಸಿದರು. ಗುಂಪಾಗಿ ಕೂತು ಮಾತಾಡಿ ತಾವೇ ನಿರ್ಧರಿಸಿದವರಲ್ಲಿ ಶೇ. 32 ಮಂದಿ ಬಡಿಸಿದರು.

ಹಾಗಾಗಿ ಈ ಲೇಖನವನ್ನಷ್ಟೇ ನೆಚ್ಚಬೇಡಿ. ಬೋಟಿ ಬಲ್ಲವರೊಬ್ಬರ ಮನೆಗೆ ಭಾನುವಾರ ಬೆಳಿಗ್ಗೆ ಹೋಗಿ, ತೊಳೆಯಲು ಕೈಹಾಕಿ. ಮೊದಲ ವಾರ ಈಲಿ ಹುರಿದು ತಿನ್ನಿ, ಮುಂದಿನ ವಾರ ಕಾಲು ಸೂಪು, ಬೋಟಿ ಆಮೇಲೆ. ಅದನ್ನು ತೊಳೆದ ನೀರು ತಿಳಿಯಾಗಿ ಕಾಣುವವರೆಗೂ ಒಲೆ ಹಚ್ಚಬೇಡಿ.