ಕರಬೂಜ: ಗುಣವೂ ಮಿತಿಯೂ

ಭೀಮಾತೀರದ ಕನ್ನಡಿಗರು ‘ಕರಬೂಜ’ ಎಂದೂ ಮರಾಠಿಗರು ‘ಖರಬೂಜ’ ಎಂದೂ ಕರೆಯುವ ಹಣ್ಣು ಒಂದೇ; ಎರಡು ಹೆಸರಿಗೂ ಮೂಲ ಪಾರಸಿಯ ‘ಖರ್ಬೂಜಾ’. ಬೇಸಿಗೆಯಲ್ಲಿ ಮಾಗುವ ಇದರ ತಿರುಳಿನಲ್ಲಿ ನೂರಕ್ಕೆ ಸುಮಾರು 90 ಪಾಲು ನೀರು.

16ನೆಯ ಶತಮಾನದ ಭಾವಮಿಶ್ರನು ‘ಭಾವಪ್ರಕಾಶ’ದಲ್ಲಿ ಇದನ್ನು ಶೀತ, ಬಲ್ಯ, ಮೂತ್ರಲ ಎಂದು ವರ್ಣಿಸಿದ್ದಾನೆ. ಎಂದರೆ ಈ ಹಣ್ಣು ದೇಹಕ್ಕೆ ತಂಪು, ಬಲದಾಯಕ. ಮೂತ್ರವನ್ನು ಸರಾಗವಾಗಿ ಇಳಿಸುತ್ತದೆ. ಬೀಜದ ತಿರುಳನ್ನು ನುಣ್ಣಗೆ ಅರೆದು, ನೀರಿನಲ್ಲಿ ಕದಡಿ, ಸೋಸಿ, ಕಲ್ಲುಸಕ್ಕರೆ ಬೆರೆಸಿ ಉರಿಮೂತ್ರಕ್ಕೆ ಕುಡಿಸುವುದು ಹಳೆಯ ಮನೆಮದ್ದು. ಯುನಾನಿ ವೈದ್ಯದ ‘ಚಾರ್ ಮಗಜ್’ ಎಂಬ ನಾಲ್ಕು ಬೀಜಗಳಲ್ಲಿ ಇದೂ ಒಂದು.

ಅದೇ ಗ್ರಂಥ ಎಚ್ಚರಿಕೆಯನ್ನೂ ನೀಡುತ್ತದೆ: ಹುಳಿ ಮತ್ತು ಕ್ಷಾರದ ರುಚಿಯುಳ್ಳ ಕರಬೂಜವು ರಕ್ತಪಿತ್ತವನ್ನೂ ಮೂತ್ರಕೃಚ್ಛ್ರವನ್ನೂ, ಅಂದರೆ ಕಷ್ಟಮೂತ್ರವನ್ನೂ, ಉಂಟುಮಾಡುತ್ತದೆ. ಇಂದಿನ ಆಹಾರಶಾಸ್ತ್ರ ಇನ್ನೊಂದು ಮಿತಿಯನ್ನು ತೋರಿಸಿದೆ. 100 ಗ್ರಾಂ ತಿರುಳಿನಲ್ಲಿ ಸುಮಾರು 270 ಮಿಲಿಗ್ರಾಂ ಪೊಟ್ಯಾಸಿಯಂ ಇದೆ. ಮೂತ್ರಪಿಂಡ ಕುಂದಿದವರಲ್ಲಿ ಅದು ಹೊರಹೋಗದೆ ರಕ್ತದಲ್ಲಿ ಶೇಖರಗೊಂಡರೆ ಹೃದಯದ ಲಯವೇ ತಪ್ಪಬಹುದು.

ಆದ್ದರಿಂದ ಮೂತ್ರ ಕಡಿಮೆಯಾಗಿ ಕಾಲು ಬಾತವರಿಗೆ, ‘ಮೂತ್ರಲ’ವೆಂಬ ಒಂದೇ ಮಾತನ್ನು ನಂಬಿ ಈ ಹಣ್ಣನ್ನು ಕೊಡಬಾರದು, ಮೊದಲು ವೈದ್ಯರಿಂದ ಕಾರಣ ತಿಳಿಯಬೇಕು. ಆರೋಗ್ಯವಂತರಿಗಾದರೋ, ಹದವಾಗಿ ಮಾಗಿದ ಕರಬೂಜ ಬೇಸಿಗೆಯ ಹಿತವಾದ ಆಹಾರ.