ಎಂಎಸ್ಸಿ ಭೌತಶಾಸ್ತ್ರಕ್ಕೆ ಐಐಟಿ ಜಾಮ್: ಹತ್ತು ಸೂತ್ರಗಳು

ಬಿಎಸ್ಸಿ ಪರೀಕ್ಷೆಯೂ ಐಐಟಿ ಜಾಮ್ ಪರೀಕ್ಷೆಯೂ ಕೇಳುವುದು ಒಂದೇ ಭೌತಶಾಸ್ತ್ರವನ್ನು. ಆದರೆ ಬಿಎಸ್ಸಿಯಲ್ಲಿ ಡೆರಿವೇಷನ್ನಿನ ಹೆಜ್ಜೆ ಹೆಜ್ಜೆಗೂ ಅಂಕ ಸಿಗುತ್ತದೆ. ಜಾಮ್‌ನಲ್ಲಿ ಕೊನೆಯ ಉತ್ತರಕ್ಕೆ ಮಾತ್ರ. ಬಾಯಿಪಾಠದ ಬಲದಿಂದ ಪ್ರಥಮ ದರ್ಜೆಯಲ್ಲಿ ಪಾಸಾದವರು ಇಲ್ಲಿ ಮುಗ್ಗರಿಸುವುದು ಇದೇ ಕಾರಣಕ್ಕೆ. ಐಐಟಿಗಳ ಎಂಎಸ್ಸಿಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್‌ಡಿಗೂ ದಾರಿ ಮಾಡಿಕೊಡುವ ಪರೀಕ್ಷೆ ಇದು. ಸಿದ್ಧತೆ ಹೀಗಿರಲಿ.

1. ಪತ್ರಿಕೆಯ ಸ್ವರೂಪ ಮೊದಲು ತಿಳಿಯಿರಿ. 3 ಗಂಟೆ, 60 ಪ್ರಶ್ನೆ, 100 ಅಂಕ. 'ಎ' ವಿಭಾಗದಲ್ಲಿ ನಾಲ್ಕರಲ್ಲೊಂದು ಉತ್ತರ ಆರಿಸುವ 30 ಪ್ರಶ್ನೆಗಳಿಗೆ 50 ಅಂಕ. 'ಬಿ' ವಿಭಾಗದಲ್ಲಿ ಒಂದಕ್ಕಿಂತ ಹೆಚ್ಚು ಉತ್ತರ ಸರಿಯಿರಬಹುದಾದ 10 ಪ್ರಶ್ನೆಗಳಿಗೆ 20. 'ಸಿ' ವಿಭಾಗದಲ್ಲಿ ಸಂಖ್ಯೆಯನ್ನೇ ನಮೂದಿಸಬೇಕಾದ 20 ಪ್ರಶ್ನೆಗಳಿಗೆ 30. ತಪ್ಪಿಗೆ ಅಂಕ ಕಳೆಯುವುದು 'ಎ' ವಿಭಾಗದಲ್ಲಿ ಮಾತ್ರ.

2. ಹಳೆಯ ಪತ್ರಿಕೆಗಳಿಂದಲೇ ಶುರುಮಾಡಿ. ಸಿಲೆಬಸ್ ಮುಗಿದ ಮೇಲೆ ನೋಡೋಣವೆಂದು ಎತ್ತಿಡಬೇಡಿ. ಒಂದು ಅಧ್ಯಾಯ ಓದಿದ ಕೂಡಲೇ ಆ ಭಾಗದ ಹಳೆಯ ಪ್ರಶ್ನೆಗಳನ್ನು ಬಿಡಿಸಿ. ಯಾವುದನ್ನು ಆಳವಾಗಿ ಕೇಳುತ್ತಾರೆ, ಯಾವುದನ್ನು ಮುಟ್ಟುವುದೇ ಇಲ್ಲ ಎಂಬುದು ಐದಾರು ವರ್ಷಗಳ ಪತ್ರಿಕೆ ಬಿಡಿಸುವಷ್ಟರಲ್ಲಿ ನಿಮಗೇ ಗೊತ್ತಾಗುತ್ತದೆ.

3. ಗಣಿತವನ್ನು ಮುಂದಿಟ್ಟುಕೊಳ್ಳಿ. ಸಿಲೆಬಸ್‌ನ ಏಳು ಭಾಗಗಳಲ್ಲಿ ಗಣಿತ ವಿಧಾನಗಳು ಒಂದು ಭಾಗವಷ್ಟೇ, ಆದರೆ ಉಳಿದ ಆರಕ್ಕೂ ಅದೇ ಆಧಾರ. ಸಣ್ಣ ಆಂದೋಲನಗಳಿಗೆ ಟೇಲರ್ ಶ್ರೇಣಿ ಬೇಕು, ಉಷ್ಣಗತಿಶಾಸ್ತ್ರಕ್ಕೆ ಆಂಶಿಕ ಅವಕಲನ ಬೇಕು, ವಿದ್ಯುತ್ಕಾಂತತ್ವಕ್ಕೆ ಗಾಸ್ ಮತ್ತು ಸ್ಟೋಕ್ಸ್ ಪ್ರಮೇಯಗಳು ಬೇಕು. ಮೇರಿ ಬೋಸ್ ಅವರ ಪುಸ್ತಕದ ಸಂಬಂಧಪಟ್ಟ ಅಧ್ಯಾಯಗಳನ್ನು ಮೊದಲ ಎರಡು ತಿಂಗಳಲ್ಲಿ ಮುಗಿಸಿದರೆ ಮುಂದಿನ ಓದು ಸಲೀಸು.

4. ವಿಷಯಕ್ಕೊಂದೇ ಪುಸ್ತಕ. ಪಿಯುಸಿ ಮಟ್ಟದ ತಳಪಾಯ ಅಲುಗಾಡುತ್ತಿದ್ದರೆ ಎಚ್.ಸಿ. ವರ್ಮಾ. ಯಂತ್ರಶಾಸ್ತ್ರಕ್ಕೆ ಕ್ಲೆಪ್ನರ್–ಕೊಲೆಂಕೊವ್, ವಿದ್ಯುತ್ಕಾಂತತ್ವಕ್ಕೆ ಗ್ರಿಫಿತ್ಸ್, ದ್ಯುತಿಶಾಸ್ತ್ರಕ್ಕೆ ಘಾಟಕ್, ಆಧುನಿಕ ಭೌತಶಾಸ್ತ್ರಕ್ಕೆ ಬೈಸರ್. ಫೋನಿನಲ್ಲಿ ತುಂಬಿಟ್ಟುಕೊಂಡ ಐವತ್ತು ಪಿಡಿಎಫ್‌ಗಳಿಗಿಂತ ಲೆಕ್ಕಗಳ ಸಮೇತ ಮುಗಿಸಿದ ಒಂದು ಪುಸ್ತಕ ಮೇಲು.

5. ಅಂತಿಮ ವರ್ಷದ ಪಾಠಕ್ಕೆ ಕಾಯಬೇಡಿ. ಪರೀಕ್ಷೆ ನಡೆಯುವುದು ಫೆಬ್ರವರಿಯಲ್ಲಿ. ಆ ಹೊತ್ತಿಗೆ ಆರನೇ ಸೆಮಿಸ್ಟರ್‌ನ ಪಾಠ ಮುಗಿದಿರುವುದಿಲ್ಲ. ಕ್ವಾಂಟಮ್, ಘನಸ್ಥಿತಿ ಭೌತಶಾಸ್ತ್ರ, ಎಲೆಕ್ಟ್ರಾನಿಕ್ಸ್ ನಿಮ್ಮ ಕಾಲೇಜಿನಲ್ಲಿ ಕೊನೆಗೆ ಬರುವುದಾದರೆ ಎರಡನೇ ವರ್ಷದ ಬೇಸಿಗೆ ರಜೆಯಲ್ಲೇ ಸ್ವಂತವಾಗಿ ಓದಿಕೊಳ್ಳಿ. ಎನ್‌ಪಿಟಿಇಎಲ್ ಉಪನ್ಯಾಸಗಳು ಉಚಿತವಾಗಿ ಸಿಗುತ್ತವೆ.

6. ಪರಿಹಾರ ನೋಡುವ ಮುನ್ನ ಪೆನ್ನು ಸವೆಯಲಿ. ಬೇರೆಯವರು ಬಿಡಿಸಿದ ಲೆಕ್ಕ ಓದುವಾಗ ಎಲ್ಲವೂ ಅರ್ಥವಾದಂತೆಯೇ ಕಾಣುತ್ತದೆ. ಪುಸ್ತಕ ಮುಚ್ಚಿ ಮಾಡಲು ಕೂತಾಗ ನಿಜ ಗೊತ್ತಾಗುತ್ತದೆ. ಒಂದು ಲೆಕ್ಕಕ್ಕೆ ಕನಿಷ್ಠ 15 ನಿಮಿಷ ತಿಣುಕಾಡಿ. ಆಗಲೂ ಬಗೆಹರಿಯದಿದ್ದರೆ ಪರಿಹಾರ ನೋಡಿ, ಎಲ್ಲಿ ಸಿಕ್ಕಿಕೊಂಡಿರಿ ಎಂದು ಒಂದು ಸಾಲು ಬರೆದಿಡಿ, ವಾರ ಬಿಟ್ಟು ಅದೇ ಲೆಕ್ಕವನ್ನು ಮತ್ತೆ ಮಾಡಿ.

7. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಬೇಡಿ. ತಟ್ಟೆಯಾಕಾರದ ಭಾರವಾದ ರಾಟೆಯ ಎರಡು ಬದಿಗೆ ಎರಡು ತೂಕಗಳು ನೇತಾಡುತ್ತಿವೆ, ವೇಗೋತ್ಕರ್ಷ ಎಷ್ಟು ಎಂದು ಪ್ರಶ್ನೆ. ಸಮೀಕರಣ ಬರೆಯುವ ಮೊದಲು ಆಯ್ಕೆಗಳನ್ನು ಪರೀಕ್ಷಿಸಿ. ಎರಡೂ ತೂಕ ಸಮವಾದರೆ ಉತ್ತರ ಸೊನ್ನೆಯಾಗಬೇಕು. ರಾಟೆಯ ರಾಶಿ ಸೊನ್ನೆಯಾದರೆ ಹಗುರ ರಾಟೆಯ ಪರಿಚಿತ ಸೂತ್ರ ಬರಬೇಕು. ರಾಟೆ ವಿಪರೀತ ಭಾರವಾದರೆ ವೇಗೋತ್ಕರ್ಷ ಸೊನ್ನೆಯತ್ತ ಇಳಿಯಬೇಕು. ಈ ಮೂರು ಜರಡಿಯಲ್ಲಿ ಎಷ್ಟೋ ಸಲ ಒಂದೆರಡು ಆಯ್ಕೆಗಳು ಅರ್ಧ ನಿಮಿಷದಲ್ಲಿ ಉದುರಿಹೋಗುತ್ತವೆ. ಆಯಾಮ ಸರಿಯಿಲ್ಲದ ಆಯ್ಕೆಯಂತೂ ನೋಡಿದ ಕೂಡಲೇ ಹೊರಕ್ಕೆ.

8. ಊಹೆಗೂ ಲೆಕ್ಕವಿರಲಿ. 'ಎ' ವಿಭಾಗದಲ್ಲಿ 2 ಅಂಕದ ಪ್ರಶ್ನೆ ತಪ್ಪಾದರೆ ಮೂರನೇ ಎರಡು ಅಂಕ ಕಳೆಯುತ್ತಾರೆ. ಕಣ್ಣುಮುಚ್ಚಿ ಒಂದನ್ನು ಒತ್ತಿದರೆ ಸರಾಸರಿ ಲಾಭ ಸರಿಯಾಗಿ ಸೊನ್ನೆ. ಒಂದು ಆಯ್ಕೆಯನ್ನು ಖಚಿತವಾಗಿ ತಳ್ಳಿಹಾಕಬಲ್ಲಿರಾದರೆ ಸರಾಸರಿ 0.22 ಅಂಕದ ಲಾಭ. ಎರಡನ್ನು ತಳ್ಳಿಹಾಕಿದರೆ 0.67. ಹಾಗಾಗಿ ಏನೂ ಗೊತ್ತಿಲ್ಲದ ಪ್ರಶ್ನೆಯನ್ನು ಬಿಡಿ, ಅರ್ಧ ಗೊತ್ತಿರುವುದಕ್ಕೆ ಧೈರ್ಯ ಮಾಡಿ. 'ಬಿ' ಮತ್ತು 'ಸಿ' ವಿಭಾಗಗಳಲ್ಲಿ ಕಳೆದುಕೊಳ್ಳುವುದೇನೂ ಇಲ್ಲ, ಯಾವುದನ್ನೂ ಖಾಲಿ ಬಿಡಬೇಡಿ. ಆದರೆ 'ಬಿ' ವಿಭಾಗದಲ್ಲಿ ಭಾಗಶಃ ಅಂಕ ಇಲ್ಲ: ಸರಿಯಾದ ಮೂರರಲ್ಲಿ ಎರಡನ್ನೇ ಗುರುತಿಸಿದರೆ ಸಿಗುವುದು ಸೊನ್ನೆ. ನಾಲ್ಕೂ ಹೇಳಿಕೆಗಳನ್ನು ಒಂದೊಂದಾಗಿ ತೂಗಿ ನೋಡಿ.

9. ಸಂಖ್ಯೆಗಳಿಗೆ ಕೈ ಪಳಗಲಿ. ವಿಧಾನ ಸರಿಯಿದ್ದೂ ಅಂಕ ಸೋರಿಹೋಗುವುದು 'ಸಿ' ವಿಭಾಗದಲ್ಲಿ. ಕ್ಯಾಲ್ಕುಲೇಟರ್ ಪರದೆಯ ಮೇಲೆಯೇ ಇರುತ್ತದೆ, ಮೌಸ್‌ನಿಂದ ಒತ್ತಬೇಕು. ಮನೆಯಲ್ಲೂ ಅದರಲ್ಲೇ ಅಭ್ಯಾಸ ಮಾಡಿ. ಕೋನ ಡಿಗ್ರಿಯಲ್ಲಿದೆಯೋ ರೇಡಿಯನ್‌ನಲ್ಲಿದೆಯೋ ಪ್ರತಿ ಸಲ ನೋಡಿಕೊಳ್ಳಿ. ಎಷ್ಟು ದಶಮಾಂಶ ಸ್ಥಾನ ಕೇಳಿದ್ದಾರೆಂದು ಗಮನಿಸಿ. ಕೆಲವು ಬೆಲೆಗಳು ನಾಲಿಗೆಯ ತುದಿಯಲ್ಲಿರಲಿ. ಪ್ಲಾಂಕ್ ಸ್ಥಿರಾಂಕ ಮತ್ತು ಬೆಳಕಿನ ವೇಗದ ಗುಣಲಬ್ಧ 1240 ಎಲೆಕ್ಟ್ರಾನ್ ವೋಲ್ಟ್ ನ್ಯಾನೋಮೀಟರ್ ಎಂದು ನೆನಪಿದ್ದರೆ, 310 ನ್ಯಾನೋಮೀಟರ್ ಬೆಳಕಿನ ಫೋಟಾನ್ ಶಕ್ತಿ 4 ಎಲೆಕ್ಟ್ರಾನ್ ವೋಲ್ಟ್ ಎಂದು ಬಾಯಲ್ಲೇ ಹೇಳಬಹುದು. ಲೋಹದ ಕಾರ್ಯಫಲನ 2.3 ಎಲೆಕ್ಟ್ರಾನ್ ವೋಲ್ಟ್ ಆದರೆ ತಡೆ ವಿಭವ 1.7 ವೋಲ್ಟ್. ಹತ್ತರ ಘಾತಗಳೊಂದಿಗೆ ಗುದ್ದಾಡುವ ಎರಡು ನಿಮಿಷ ಉಳಿಯಿತು.

10. ಕೊನೆಯ ಎರಡು ತಿಂಗಳು ಗಡಿಯಾರದ ಜೊತೆ. ವಾರಕ್ಕೊಂದು ಪೂರ್ಣ ಅಣಕು ಪರೀಕ್ಷೆ, ಎಡೆಬಿಡದೆ 3 ಗಂಟೆ. ಸರಾಸರಿ ನೋಡಿದರೆ ಪ್ರಶ್ನೆಗೆ 3 ನಿಮಿಷ. ಮೊದಲ ಸುತ್ತಿನಲ್ಲಿ ಕಂಡ ಕೂಡಲೇ ದಾರಿ ಹೊಳೆಯುವ ಪ್ರಶ್ನೆಗಳು, ಎರಡನೆಯದರಲ್ಲಿ ಉದ್ದ ಲೆಕ್ಕಗಳು, ಕೊನೆಗೆ ಅನುಮಾನದವು. ಪರೀಕ್ಷೆ ಮುಗಿದ ಮೇಲೆ ತಪ್ಪುಗಳನ್ನು ಮೂರು ಪಟ್ಟಿ ಮಾಡಿ: ತಿಳಿಯದೆ ಆದದ್ದು, ಲೆಕ್ಕದಲ್ಲಿ ಎಡವಿದ್ದು, ಪ್ರಶ್ನೆಯನ್ನೇ ತಪ್ಪಾಗಿ ಓದಿದ್ದು. ಮೊದಲನೆಯದಕ್ಕೆ ಪುಸ್ತಕವೇ ಮದ್ದು. ಉಳಿದೆರಡಕ್ಕೆ ಇನ್ನೊಂದು ಅಣಕು ಪರೀಕ್ಷೆ.

ಇದೇ ಸಿದ್ಧತೆಯಲ್ಲಿ ಸಂಶೋಧನಾ ಸಂಸ್ಥೆಗಳಿಗಾಗಿ ಜೆಸ್ಟ್, ಕೇಂದ್ರೀಯ ವಿಶ್ವವಿದ್ಯಾಲಯಗಳಿಗಾಗಿ ಸಿಯುಇಟಿ-ಪಿಜಿಯನ್ನೂ ಬರೆಯಿರಿ. ಒಂದೇ ಪರೀಕ್ಷೆಗೆ ಜೋತುಬೀಳುವುದು ಜಾಣತನವಲ್ಲ. ಇನ್ನು ಡೆರಿವೇಷನ್ ಕಲಿತದ್ದು ದಂಡವಾಯಿತೆಂದು ಕೊರಗಬೇಕಿಲ್ಲ. ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಅಂಕದ ನಂತರ ಸಂದರ್ಶನವೂ ಇದೆ. ಅಲ್ಲಿ ಉತ್ತರ ಎಷ್ಟು ಎನ್ನುವುದಕ್ಕಿಂತ ಅದು ಯಾಕೆ ಹಾಗೆ ಎಂದು ಕೇಳುತ್ತಾರೆ. ಸ್ವಂತ ಕೈಯಿಂದ ಲೆಕ್ಕ ಮಾಡಿದವರಿಗೆ ಆ 'ಯಾಕೆ'ಗೆ ಉತ್ತರಿಸಲು ಬೇರೆ ಸಿದ್ಧತೆ ಬೇಕಾಗುವುದಿಲ್ಲ.